ನೆಡದ ಚಮಚ

"ಇನ್‌ಸ್ಪೆಕ್ಟ್ರೇ, ನಿಮ್ಮ ತೋಫು ಸುಡ್ತಾ ಇದೆ! ಅದೂ ನಿಮ್ಮ ಕೇಸಿನ ಥರ ಕೈತಪ್ಪಿ ಹೋಗೋಕೆ ಮುಂಚೆ ತಿರುಗಿಸ್ರೀ!"

ಕೂಗಿದ್ದು ಪಕ್ಕದ ಒಲೆಯ ಮೊಕ್ ಮೇಷ್ಟ್ರು. ವಯಸ್ಸು ಎಂಬತ್ತೊಂದು. ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು. ಉಪ್ಪು ಯಾವುದು, ಸಕ್ಕರೆ ಯಾವುದು ಎಂದು ತಿಳಿಯಲು ಈಗಲೂ ನಾಲಿಗೆಗೆ ಹಚ್ಚಿ ನೋಡಬೇಕು.

ತಾಕ್ ಮುನ್‌ಬೆ ಫೋನನ್ನು ಏಪ್ರನ್ನಿನ ಜೇಬಿಗೆ ತುರುಕಿ ಬಾಣಲೆ ಇಳಿಸಿದ. ತಡವಾಗಿತ್ತು. ಒಂದು ಮಗ್ಗುಲು ಇದ್ದಿಲಾಗಿತ್ತು.

ಗುನ್‌ಸಾನ್ ಬಂದರಿನ ಹಿರಿಯರ ಭವನ, ಎರಡನೇ ಮಹಡಿ. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಗಂಡಸರ ಅಡುಗೆ ತರಗತಿ. ಎಂಟು ಒಲೆ, ಎಂಟು ನೀಲಿ ಏಪ್ರನ್, ಎಂಟು ಮುದುಕರು. ಹಡಗು ಬೆಸೆದ ಕೈಗಳು, ಬಸ್ಸು ಓಡಿಸಿದ ಕೈಗಳು, ಕಳ್ಳರನ್ನು ಹಿಡಿದ ಕೈಗಳು. ಒಂದು ಲೋಟ ಅಕ್ಕಿಗೆ ಎಷ್ಟು ನೀರು ಎಂದು ಗೊತ್ತಿಲ್ಲದ ಕೈಗಳು. ಹೆಂಡತಿ ಸತ್ತ ಮೇಲೆ, ಬಿಟ್ಟುಹೋದ ಮೇಲೆ, ಮರೆವಿಗೆ ಬಿದ್ದ ಮೇಲೆ ಹಸಿವು ಇವರನ್ನು ಕುತ್ತಿಗೆ ಹಿಡಿದು ಇಲ್ಲಿಗೆ ತಂದಿತ್ತು. ಇಲ್ಲಿ ಮೊಟ್ಟೆ ಬೇಯಿಸಿದರೂ ಚಪ್ಪಾಳೆ ಸಿಗುತ್ತದೆ. ಐವತ್ತು ವರ್ಷ ಇವರಿಗೆ ಬೇಯಿಸಿ ಹಾಕಿದ ಹೆಂಗಸರಿಗೆ ಒಂದು ದಿನ, ಒಂದೇ ಒಂದು ದಿನ, ಯಾರಾದರೂ ಚಪ್ಪಾಳೆ ತಟ್ಟಿದ್ದರಾ?

ತಾಕ್‌ಗೆ ಅರವತ್ತೆರಡು. ನಿವೃತ್ತ ಪೊಲೀಸ್. ಹೆಂಡತಿ ಬೇಗ ಹೋದಳು. ಆಮೇಲೆ ಹದಿನೆಂಟು ವರ್ಷ ಅವನಿಗೆ ಅನ್ನ ಹಾಕಿದವಳು ಮಗಳು ನಾರೆ. ಎರಡು ವರ್ಷದ ಹಿಂದೆ, ಇದೇ ಬೇಸಿಗೆಯಲ್ಲಿ, ಬುಸಾನಿನಲ್ಲಿ ಕೆಲಸ ಸಿಕ್ಕಿದೆ, ಹೊರಡುತ್ತೇನೆ ಎಂದಳು. ಅಪ್ಪನ ಬಾಯಿಂದ ಬಂದದ್ದು ಒಂದೇ ಮಾತು: "ಹಾಗಾದ್ರೆ ಅನ್ನ ಯಾರು ಮಾಡ್ತಾರೆ?"

ಅವತ್ತು ರಾತ್ರಿ ಮನೆಗೆ ಬಂದಾಗ ಫ್ರಿಜ್ಜಿನ ಮೇಲೆ ಚೀಟಿ. 'ಅಪ್ಪ, ಅಕ್ಕಿ ಕೆಳಗಿನ ಕಪಾಟಲ್ಲಿ. ಬೆಳ್ಳುಳ್ಳಿ ಮೇಲೆ. ಹುಡುಕಬೇಡ.'

ಅವನು ಹುಡುಕಲಿಲ್ಲ. ಫೋನ್ ಮಾಡಿದಾಗಲೆಲ್ಲ ಸ್ವಿಚ್ ಆಫ್, ಸಿಟ್ಟು ಎಂದುಕೊಂಡ. ಸಿಟ್ಟು ಇಳಿದ ಮೇಲೆ ತಾನೇ ಬರುತ್ತಾಳೆ ಎಂದುಕೊಂಡ. ಊರಿನ ಕಾಣೆಯಾದವರ ಹೆಸರನ್ನೆಲ್ಲ ಬರೆದುಕೊಂಡ ಮನುಷ್ಯ ತನ್ನ ಮಗಳ ಹೆಸರು ಬರೆಯಲಿಲ್ಲ. ಈಗ ವಾರಕ್ಕೆರಡು ಸಲ ಅವಳಿಗೆ ಪ್ರಾಣವಾಗಿದ್ದ ಒಂದೇ ಅಡುಗೆ ಕಲಿಯುತ್ತಿದ್ದ: ಕೆಂಪು ಖಾರದಲ್ಲಿ ಕುದಿಸಿದ ತೋಫು, ಮೇಲೆ ಹುರಿದ ಶೇಂಗಾ. ಬಾಗಿಲು ತಟ್ಟಿದ ದಿನ ಬಿಸಿಯಾಗಿ ಮುಂದಿಡಬೇಕು. ಅಷ್ಟೇ ಅವನ ಆಸೆ. ಮಿಕ್ಕಿದ್ದೆಲ್ಲ ಹೊತ್ತು ಕಳೆಯುವ ಕೆಲಸ.

ಆ ಹೊತ್ತು ಕಳೆಯುವ ಕೆಲಸದಲ್ಲಿ ಒಂದು, ಅವನ ಕೊನೆಯ ಮುಗಿಯದ ಕೇಸು. ಮರೆವಿನ ರೋಗದ ಹೆಂಗಸು ಮಲ್‌ಸುನ್, ಎರಡು ವರ್ಷದ ಹಿಂದೆ ಮನೆಯಿಂದ ಹೊರಟವಳು ಸಿಕ್ಕಿರಲಿಲ್ಲ. ಅವಳ ಗಂಡ ಗಿಲ್ ಡೊಕ್‌ಸು ಈಗ ತಾಕ್‌ನ ಎದುರಿನ ಒಲೆಯಲ್ಲಿ ಮೂಲಂಗಿ ಹೆಚ್ಚುತ್ತಿದ್ದ.

ತರಗತಿಯಲ್ಲೆಲ್ಲ ಗಿಲ್‌ನಷ್ಟು ವಿಧೇಯ ವಿದ್ಯಾರ್ಥಿ ಇನ್ನೊಬ್ಬನಿಲ್ಲ. ಮನೆಯಲ್ಲಿ ಏನೇ ಬೇಯಿಸಿದರೂ ಫೋಟೊ ತೆಗೆದು ತರಗತಿಯ ಗುಂಪಿಗೆ ಕಳಿಸಿ ಎಂದಿದ್ದರು ಟೀಚರ್. ಉಳಿದವರು ವಾರಕ್ಕೊಂದು ಕಳಿಸಿದರೆ ಹೆಚ್ಚು. ಗಿಲ್ ಬರಿ ಅನ್ನ ಮಾಡಿದರೂ ಕಳಿಸುತ್ತಿದ್ದ.

ನಿನ್ನೆ ಸಂಜೆ ಏಳಕ್ಕೂ ಒಂದು ಕಳಿಸಿದ್ದ.

"ಅಂದ ಹಾಗೆ," ಗಿಲ್ ಚಾಕು ನಿಲ್ಲಿಸದೆ ಕೇಳಿದ, "ನಿನ್ನೆ ಸಂಜೆ ತಪ್ಪು ಫೋಟೊ ಹೋಗಿಬಿಡ್ತು. ತಕ್ಷಣ ಅಳಿಸಿದೆ. ಯಾರೂ ನೋಡಿಲ್ಲ ತಾನೆ?"

"ನಾನು ಲೈಕಿನ ಹೆಬ್ಬೆರಳು ಒತ್ತಿದೆ," ಎಂದರು ಮೊಕ್ ಮೇಷ್ಟ್ರು. "ಏನಿತ್ತು ಅಂತ ನೋಡಿಲ್ಲ. ಬಂದಿದ್ದಕ್ಕೆಲ್ಲ ಹೆಬ್ಬೆರಳು ಒತ್ತೋದು. ಅದು ಮರ್ಯಾದೆ."

"ಮೊನ್ನೆ ಸಾವಿನ ಸುದ್ದಿಗೂ ಒತ್ತಿದ್ರಲ್ಲ ಮೇಷ್ಟ್ರೇ!" ಯಾರೋ ಕಿಚಾಯಿಸಿದರು.

"ಒಳ್ಳೆ ಸಾವು ಕಣಯ್ಯಾ ಅದು. ತೊಂಬತ್ತಾರು ವರ್ಷ!"

ಎಲ್ಲರೂ ನಕ್ಕರು. ಗಿಲ್ ಕೂಡ ನಕ್ಕ. ನಗುತ್ತಲೇ ಕಣ್ಣು ಒಂದೊಂದೇ ಒಲೆಯ ಮೇಲೆ ಸುತ್ತಿ ತಾಕ್‌ನ ಮುಖದ ಮೇಲೆ ನಿಂತಿತು.

"ನೀನು?"

"ಇಲ್ಲಪ್ಪ," ಎಂದ ತಾಕ್. "ನನಗೆ ಫೋನು ಅಂದ್ರೆ ಅಲರ್ಜಿ."

ಸುಳ್ಳು. ಆ ಫೋಟೊ ಅವನ ಜೇಬಿನಲ್ಲೇ ಇತ್ತು.

ಮೇಷ್ಟ್ರು ಅಷ್ಟರಲ್ಲಿ ತಮ್ಮ ಫೋನು ಹಿಡಿದು ಟೀಚರ್ ಹತ್ತಿರ ಜಗಳಕ್ಕೆ ಹೋಗಿದ್ದರು. "ಏನಮ್ಮಾ ಯೊನ್‌ಹ್ವಾ, ಶುಕ್ರವಾರ ತೆಗೆದ ಫೋಟೊದಲ್ಲಿ ನನ್ನ ತಲೇನೇ ಇಲ್ಲ. ಬರಿ ಹೊಟ್ಟೆ, ಸೌಟು!"

"ತಲೆ ಎಲ್ಲೂ ಹೋಗಿಲ್ಲ ಅಜ್ಜ. ಗುಂಪಲ್ಲಿ ನಡುವಿನ ತುಂಡಷ್ಟೇ ಕಾಣೋದು. ಚಿತ್ರದ ಮೇಲೆ ಒಂದ್ಸಲ ಬೆರಳಲ್ಲಿ ತಟ್ಟಿ, ಪೂರ್ತಿ ಬರುತ್ತೆ. ಇದನ್ನ ಗುರುವಾರದ ಫೋನ್ ಕ್ಲಾಸಲ್ಲಿ ಎಷ್ಟು ಸಲ ಹೇಳಿಕೊಟ್ಟಿದೀವಿ?"

"ಗುರುವಾರ ನನಗೆ ನಿದ್ದೆ."

ತಾಕ್ ಗುರುವಾರದ ಕ್ಲಾಸಿಗೆ ಹೋದವನೇ ಅಲ್ಲ. ಅದು ಮುದುಕರಿಗೆ ಎಂದುಕೊಂಡಿದ್ದ.

ಒಲೆ ಆರಿಸುವ ಹೊತ್ತಿಗೆ ಯೊನ್‌ಹ್ವಾ ಟೀಚರ್ ಅವನ ಸುಟ್ಟ ತೋಫು ನೋಡುವ ನೆಪದಲ್ಲಿ ಪಕ್ಕಕ್ಕೆ ಬಂದು ದನಿ ತಗ್ಗಿಸಿದರು.

"ನೀವು ನೋಡಿದೀರಿ, ಅಲ್ವಾ?"

"ನೋಡಿದೆ. ಅವನು ಅಳಿಸಿದೀನಿ ಅಂತಾನಲ್ಲ?"

"'ನನ್ನ ಫೋನಿಂದ ಮಾತ್ರ ಅಳಿಸಿ' ಅನ್ನೋದನ್ನ ಒತ್ತಿದಾರೆ. ಅವರ ಕಣ್ಣಿಗೆ ಅಳಿಸಿಹೋಗಿದೆ, ನಮ್ಮೆಲ್ಲರ ಹತ್ರ ಹಾಗೇ ಇದೆ. ವಾರಕ್ಕೆ ಇಬ್ಬರಾದ್ರೂ ಇದೇ ತಪ್ಪು ಮಾಡ್ತಾರೆ." ಟೀಚರ್ ಕಣ್ಣು ಒರೆಸಿಕೊಂಡರು. "ಪಾಪ. ಗುಂಪಲ್ಲಿ ಕಂಡಷ್ಟಕ್ಕೇ ಅಳು ಬಂತು, ತೆರೆದು ನೋಡ್ಲಿಲ್ಲ. ಕೊನೆಗೂ ಮನಸ್ಸು ಗಟ್ಟಿ ಮಾಡ್ಕೊಂಡು ಹೆಂಡತಿ ತಿಥಿ ಮಾಡಿದಾರೆ. ಕೆದಕಬೇಡಿ, ಬಿಟ್ಟುಬಿಡಿ."

ಆ ಚಿತ್ರವನ್ನು ತಾಕ್ ಬೆಳಗಿನಿಂದ ಇಪ್ಪತ್ತು ಸಲ ನೋಡಿದ್ದ. ಗೋಡೆಗೆ ಒರಗಿಸಿದ ಮಲ್‌ಸುನ್‌ಳ ಫೋಟೊ, ನೇರಳೆ ಟೋಪಿಯದು. ಊರಿನ ಕಂಬಕಂಬದ ಮೇಲೆ 'ಕಾಣೆಯಾಗಿದ್ದಾರೆ' ಎಂದು ಎರಡು ವರ್ಷದಿಂದ ಬಿಸಿಲು ಕಾಯುತ್ತಿರುವುದೂ ಅದೇ. ಅದರ ಮುಂದೆ ಸಾಲಾಗಿ ಬಿಳಿಬಿಳಿ ಅಡುಗೆ. ಮೂಲಂಗಿ, ಬೇಯಿಸಿದ ಮೀನು, ತಿಳಿ ಸಾರು. ಎಲ್ಲೂ ಮೆಣಸಿನಪುಡಿ ಇಲ್ಲ. ಸತ್ತವರ ಊಟಕ್ಕೆ ಖಾರ, ಬೆಳ್ಳುಳ್ಳಿ ಸೋಕಿಸುವುದಿಲ್ಲ. ಸೋಕಿಸಿದರೆ ಅವರು ಹತ್ತಿರ ಬರುವುದಿಲ್ಲ. ನಡುವೆ ಒಂದು ಬಟ್ಟಲು ಅನ್ನ. ಅನ್ನದಲ್ಲಿ ನೆಟ್ಟಗೆ ನೆಟ್ಟ ಚಮಚ.

ಬದುಕಿದವರ ಚಮಚ ಬಟ್ಟಲಿನ ಪಕ್ಕದಲ್ಲಿ ಮಲಗಿರುತ್ತದೆ. ಸತ್ತವರದ್ದು ಅನ್ನದಲ್ಲಿ ನಿಂತಿರುತ್ತದೆ. ಈ ಊರಿನಲ್ಲಿ ಅನ್ನದಲ್ಲಿ ಚಮಚ ನಿಲ್ಲಿಸಿ ಆಡುವ ಮಗುವಿಗೆ ಏಟು ಬೀಳುತ್ತದೆ.

"ಟೀಚರ್," ಎಂದ ತಾಕ್, "ಸತ್ತ ದಿನ ಗೊತ್ತಿಲ್ಲದವರ ತಿಥಿ ಯಾವತ್ತು ಮಾಡ್ತಾರೆ?"

"ಚಾಂದ್ರಮಾನದ ಒಂಬತ್ತನೇ ತಿಂಗಳ ಒಂಬತ್ತನೇ ದಿನ. ನನ್ನಜ್ಜನ ತಮ್ಮ ಯುದ್ಧದಲ್ಲಿ ಕಾಣೆಯಾದ್ರು, ನಮ್ಮನೇಲಿ ಈಗಲೂ ಅವತ್ತೇ. ಇಲ್ಲಾಂದ್ರೆ ಮನೆ ಬಿಟ್ಟು ಹೋದ ದಿನ."

"ನಿನ್ನೆ ಏನಾಗಿತ್ತು?"

"ಐದನೇ ತಿಂಗಳ ಹುಣ್ಣಿಮೆ." ಟೀಚರ್ ಹುಬ್ಬು ಗಂಟಿಕ್ಕಿದರು. "ಯಾಕೆ?"

ತಾಕ್ ಸುಟ್ಟ ತೋಫುವನ್ನು ಡಬ್ಬಿಗೆ ಹಾಕತೊಡಗಿದ. ಮಲ್‌ಸುನ್‌ಳ ದೂರು ಬರೆದುಕೊಂಡವನು ಅವನೇ. ಗಿಲ್ ಹೇಳಿದ್ದ ಪ್ರತಿ ಅಕ್ಷರ ನೆನಪಿತ್ತು: ಐದನೇ ತಿಂಗಳ ಹುಣ್ಣಿಮೆ ಕಳೆದು ಎರಡನೇ ದಿನ ಬೆಳಿಗ್ಗೆ ಗಂಜಿ ಕುಡಿದು ಹೊರಟವಳು ಬರಲಿಲ್ಲ.

ಮನೆ ಬಿಟ್ಟ ದಿನವಲ್ಲ. ಒಂಬತ್ತನೇ ತಿಂಗಳಲ್ಲ. ಅವಳು ಇನ್ನೂ ಮನೆಯಲ್ಲಿ ಗಂಜಿ ಕುಡಿಯಲು ಎರಡು ದಿನ ಇರುವಾಗಲೇ ಗಂಡ ಅವಳ ತಿಥಿ ಗೊತ್ತುಮಾಡಿದ್ದ.

ಸತ್ತ ದಿನ ಗೊತ್ತಿದ್ದವನು ಮಾತ್ರ ಆ ದಿನ ಚಮಚ ನೆಡುತ್ತಾನೆ.

*

ಪಾತ್ರೆ ತೊಳೆಯುವ ಸರದಿ ಅವತ್ತು ಮೇಷ್ಟ್ರದ್ದು ಮತ್ತು ಗಿಲ್‌ನದು. ತಾಕ್ ಅವರ ಕೈಯಿಂದ ಸ್ಪಂಜು ಕಿತ್ತುಕೊಂಡ. "ಮನೆಗೆ ಹೋಗಿ ಮೇಷ್ಟ್ರೇ, ಇವತ್ತು ನನ್ನ ದಾನ." ಮೇಷ್ಟ್ರು ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ. ಬೇರೆಯವರೂ ಡಬ್ಬಿ ಹಿಡಿದು ಹೊರಟರು.

ಸಿಂಕಿನ ಮುಂದೆ ಇಬ್ಬರೇ ಉಳಿದರು. ಗಿಲ್ ತೊಳೆಯುತ್ತಿದ್ದ, ತಾಕ್ ಒರೆಸುತ್ತಿದ್ದ. ಕಿಟಕಿಯಾಚೆ ಮಧ್ಯಾಹ್ನದ ಇಳಿತ. ಸಮುದ್ರ ಹಿಂದೆ ಸರಿದು ಮೈಲಿಗಟ್ಟಲೆ ಕಪ್ಪು ಕೆಸರು ಬಿಸಿಲಿಗೆ ಹೊಳೆಯುತ್ತಿತ್ತು.

"ಅಡುಗೆ ಚೆನ್ನಾಗಿ ಕಲ್ತೆ," ಎಂದ ತಾಕ್. "ಮೀನು ಒಡೆಯದ ಹಾಗೆ ಬೇಯಿಸೋದು ನನಗಿನ್ನೂ ಬಂದಿಲ್ಲ."

ಗಿಲ್‌ನ ಕೈ ನಿಂತಿತು. ನೀರು ಸುರಿಯುತ್ತಲೇ ಇತ್ತು. "ಯಾವ ಮೀನು?"

ತಾಕ್ ಕೈ ಒರೆಸಿಕೊಂಡು ಫೋನು ತೆಗೆದು ಸಿಂಕಿನ ಅಂಚಿನ ಮೇಲಿಟ್ಟ. ಬಿಳಿ ಅಡುಗೆ. ನೇರಳೆ ಟೋಪಿ. ನಿಂತ ಚಮಚ.

"ನಿನ್ನ ಫೋನಿಂದ ಅಳಿಸಿದೀಯ. ನಮ್ಮದ್ರಿಂದ ಅಲ್ಲ."

ಗಿಲ್ ಬಾಗಿ ನೋಡಿದ. ಇನ್ನೂ ಹತ್ತಿರ ಬಾಗಿದ. ಕಣ್ಣು ಚಿತ್ರದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಿ ಬಂತು.

"ಇಷ್ಟೇನಾ?" ಎಂದ. "ನಿನಗೆ ಬಂದಿದ್ದು ಇಷ್ಟೇನಾ?"

"ಇಷ್ಟು ಸಾಲದಾ?"

ಗಿಲ್ ಉಸಿರು ಬಿಟ್ಟ. ಹೆಗಲು ಒಂದಂಗುಲ ಕೆಳಗಿಳಿಯಿತು.

ಮೂವತ್ತೈದು ವರ್ಷ ಅಪರಾಧಿಗಳ ಮುಖ ನೋಡಿದ ತಾಕ್‌ಗೆ ಆ ಒಂದಂಗುಲ ಚುಚ್ಚಿತು. ಸಿಕ್ಕಿಬಿದ್ದವನು ಹೆದರುತ್ತಾನೆ, ಕಿರುಚುತ್ತಾನೆ, ಅಳುತ್ತಾನೆ. ಸಮಾಧಾನಪಡುವುದಿಲ್ಲ. ತಾಕ್ ಅದನ್ನು ಒಳಗೇ ಇಟ್ಟುಕೊಂಡ.

"ಯಾಕೆ ಕಳಿಸಿದೆ ಇದನ್ನ?"

"ಬೆರಳು ತಾನೇ ಹೋಯ್ತು ಕಣೋ." ಗಿಲ್ ನಲ್ಲಿ ಮುಚ್ಚಿದ. "ಬೇಯಿಸಿದ್ದನ್ನೆಲ್ಲ ಕಳಿಸಿ ಕಳಿಸಿ ಅಭ್ಯಾಸ ಆಗಿತ್ತು. ನಲವತ್ತು ವರ್ಷ ನಮ್ಮಪ್ಪ ಅಮ್ಮನ ತಿಥಿಗೆ ಅವಳೇ ಬೇಯಿಸಿದ್ಲು. ಹಿಂದಿನ ದಿನದಿಂದ ನಿಂತೇ ಇರ್ತಿದ್ಲು, ಕಾಲು ಊದಿಸ್ಕೊಂಡು. ನಾನು ಬಂದು ನಮಸ್ಕಾರ ಹಾಕಿ ಹೆಂಡ ಕುಡಿದು ಮಲಗ್ತಿದ್ದೆ. ನಿನ್ನೆ ಮೊದಲನೇ ಸಲ ನಾನೇ ಎಲ್ಲ ಮಾಡಿ ಇಟ್ಟೆ. ಚೆನ್ನಾಗಿದೆ ಅಂತ ಯಾರಾದ್ರೂ ಹೇಳ್ಲಿ ಅನ್ನಿಸ್ತು. ಹೇಳೋಳು ಗೋಡೆ ಮೇಲಿದ್ಲು."

"ಇದಕ್ಕೇ ಸೇರಿದ್ಯಾ ಈ ಕ್ಲಾಸಿಗೆ?"

"ಮತ್ತೆ? ನನ್ನ ಹೊಟ್ಟೆಗಾದ್ರೆ ಅಂಗಡಿ ನೂಡಲ್ಸ್ ಸಾಕಾಗಿತ್ತು."

"ಹುಣ್ಣಿಮೆ ದಿನ ಯಾಕೆ ಮಾಡಿದೆ, ಗಿಲ್?"

ಗಿಲ್ ಮತ್ತೆ ನಲ್ಲಿ ತೆರೆದ.

"ಹುಣ್ಣಿಮೆ ಕಳೆದು ಎರಡು ದಿನಕ್ಕೆ ಅವಳು ಗಂಜಿ ಕುಡಿದ್ಲು ಅಂತ ನನ್ನ ಕೈಯಲ್ಲೇ ಬರೆಸಿದೆ. ಎರಡು ವರ್ಷ ಪೋಸ್ಟರ್ ಅಂಟಿಸ್ದೆ. ಮಳೆಗೆ ಕಿತ್ತುಹೋದಾಗೆಲ್ಲ ನಾನೂ ನಿನ್ನ ಜೊತೆ ಬಂದು ಅಂಟಿಸ್ದೆ, ಗೋಂದಿನ ಬಕೆಟ್ ಹೊತ್ಕೊಂಡು! ಯಾವ ದೇಶದ ಗಂಜಿ ಅದು, ಸತ್ತೋಳು ಕುಡಿಯೋದು?"

ಗಿಲ್ ತೊಳೆದ ಬಟ್ಟಲನ್ನೇ ಮತ್ತೆ ತೊಳೆಯತೊಡಗಿದ. ತೊಳೆಯುತ್ತಲೇ ಹೇಳಿದ, ಬಟ್ಟಲಿಗೆ ಹೇಳಿದ ಹಾಗೆ.

"ಬಾಗಿಲ ಮೇಲ್ಗಡೆ ಚಿಲಕ ಹಾಕಿಸಿದ್ದೆ, ಅವಳ ಕೈಗೆ ಎಟಕದ ಹಾಗೆ. ಮೂರು ದಿನದಿಂದ ಬಡೀತಾನೇ ಇದ್ಲು. ಕೆಸರಿಂದ ಕಪ್ಪೆಚಿಪ್ಪು ಆರಿಸಿ ತರಬೇಕು, ಅಮ್ಮ ಕಾಯ್ತಿದಾಳೆ ಅಂತ. ಅವಳಮ್ಮ ಸತ್ತು ಮೂವತ್ತು ವರ್ಷ ಆಗಿತ್ತು. ಬಡಿದು ಬಡಿದು ಗೆಣ್ಣು ಒಡೆದು ರಕ್ತ. ನನಗೆ ನಿದ್ದೆ ಇಲ್ಲ, ತಲೆ ಅನ್ನೋದು ಕಲ್ಲಾಗಿತ್ತು. ಹುಣ್ಣಿಮೆ ಸಂಜೆ..."

ಬಟ್ಟಲು ಕೈಜಾರಿ ಸಿಂಕಿಗೆ ಬಿತ್ತು. ಒಡೆಯಲಿಲ್ಲ.

"ನಾನೇ ಚಿಲಕ ತೆಗೆದೆ ತಾಕ್. ಕೆಸರಲ್ಲಿ ಆಡ್ಕೊಂಡಿರ್ಲಿ, ಚಿಕ್ಕಂದಿನಿಂದ ಓಡಾಡಿದ ಜಾಗ, ನಾನು ಒಂದು ಗಂಟೆ ಮಲಗ್ತೀನಿ ಅಂತ. ಒಂದೇ ಒಂದು ಗಂಟೆ. ಎದ್ದಾಗ ನೀರು ತಿರುಗಿತ್ತು. ಹುಣ್ಣಿಮೆ ಭರತ ನಿನಗೆ ಗೊತ್ತಲ್ಲ, ಮನುಷ್ಯ ಓಡೋದಕ್ಕಿಂತ ಜೋರಾಗಿ ಬರುತ್ತೆ. ದೂರದಲ್ಲಿ ಸೊಂಟದ ತನಕ ನೀರಲ್ಲಿ ನಿಂತಿದ್ಲು. ಬುಟ್ಟಿ ತಲೆ ಮೇಲೆ ಎತ್ತಿ ಹಿಡ್ಕೊಂಡಿದ್ಲು, ಚಿಪ್ಪು ನೆನೆಯದ ಹಾಗೆ."

ತಾಕ್ ಒರೆಸುವ ಬಟ್ಟೆ ಕೆಳಗಿಟ್ಟ. ಚಿಪ್ಪು ನೆನೆಯದ ಹಾಗೆ. ಇವಳನ್ನು ನೋಡಿಕೊಳ್ಳಲು ಯಾವ ಕಚೇರಿಯೂ ಒಬ್ಬ ಆಳನ್ನೂ ಕಳಿಸಿರಲಿಲ್ಲ. ಮನೆಯಲ್ಲೇ ನೋಡಿಕೊಳ್ಳಿ ಎಂದು ಅಚ್ಚು ಹಾಕಿದ ಹಾಳೆ ಕೊಟ್ಟಿದ್ದರು, ನಗುವ ಮುದುಕಿಯ ಚಿತ್ರವಿರುವ ಬಣ್ಣದ ಹಾಳೆ. ಆ ಹಾಳೆ ಬರೆದವನು ಮೂರು ದಿನ ಆ ಬಾಗಿಲ ಬಡಿತ ಕೇಳಬೇಕಿತ್ತು.

"ಎರಡು ದಿನ ದಡದಲ್ಲೇ ಕೂತೆ," ಎಂದ ಗಿಲ್. "ಸಮುದ್ರ ವಾಪಸ್ ಕೊಡ್ಲಿಲ್ಲ. ಆಮೇಲೆ ನಿನ್ನ ಹತ್ರ ಬಂದೆ."

"ಬಂದು ಸುಳ್ಳು ಹೇಳಿದೆ."

"ನಿಜ ಹೇಳೋಕೇ ಬಂದಿದ್ದೆ. ಬಾಯಿ ತನಕ ಬಂದಿತ್ತು."

"ಯಾರು ತಡೆದ್ರು? ಚಿಲಕ ತೆಗೆದಿದ್ದಕ್ಕೆ ಗಲ್ಲಿಗೆ ಹಾಕ್ತಿದ್ವಾ ನಿನ್ನ? ಭರತದಲ್ಲಿ ಹೋದ್ಲು ಅಂದಿದ್ರೆ ನಾವೂ ಅಳ್ತಿದ್ವಿ, ಅಷ್ಟೇ. ಅದಕ್ಕೋಸ್ಕರ ಎರಡು ವರ್ಷ ಗೋಂದು ಹಚ್ಚಿದ್ಯಾ?"

ಗಿಲ್ ಸಿಂಕಿಗೆ ಬಿದ್ದ ಬಟ್ಟಲನ್ನು ಎತ್ತಿ ಬೋರಲಿಟ್ಟ.

ತಾಕ್‌ಗೆ ಆ ಒಂದಂಗುಲ ನೆನಪಾಯಿತು.

"ಫೋಟೊ ನೋಡಿ ನಿನಗೆ ಸಮಾಧಾನ ಆಯ್ತು," ಎಂದ ಮೆಲ್ಲಗೆ. "ಇಷ್ಟೇನಾ ಅಂದೆ. ಹೆಂಡತಿ ಸಾವು ಬಯಲಾದಾಗ ಯಾರೂ ಹಾಗೆ ಉಸಿರು ಬಿಡಲ್ಲ. ಇದಕ್ಕಿಂತ ದೊಡ್ಡದು ಏನೋ ಬಯಲಾಗಿಲ್ಲ ಅಂತ ಬಿಟ್ಟೆ."

ಗಿಲ್‌ನ ಕಣ್ಣು ಜಾರಿತು. ಎಲ್ಲಿಗೆ ಜಾರಿತೆಂದು ತಾಕ್ ನೋಡಿದ. ಸಿಂಕಿನ ಅಂಚಿನ ಮೇಲಿದ್ದ ಫೋನಿಗೆ.

ನಡುವಿನ ತುಂಡಷ್ಟೇ ಕಾಣೋದು ಅಜ್ಜ. ಒಂದ್ಸಲ ತಟ್ಟಿ.

"ಬೇಡ," ಎಂದ ಗಿಲ್. ಒದ್ದೆ ಕೈ ಮುಂದೆ ಬಂತು. "ಬೇಡ ಕಣೋ. ನಿನ್ನ ಕಾಲು ಹಿಡಿತೀನಿ, ಅಲ್ಲಿಗೇ ಬಿಡು."

ತಾಕ್ ತಟ್ಟಿದ.

ಚಿತ್ರ ಅಗಲವಾಯಿತು. ನೇರಳೆ ಟೋಪಿ, ಬಿಳಿ ಅಡುಗೆ, ನಿಂತ ಚಮಚ ಎಲ್ಲ ಎಡಕ್ಕೆ ಸರಿದವು. ಬಲ ತುದಿಯಲ್ಲಿ ಇನ್ನೊಂದು ಪುಟ್ಟ ಮೇಜು ಇತ್ತು. ಅದರ ಮೇಲೆ ಎರಡನೇ ಅನ್ನದ ಬಟ್ಟಲು. ಹಿಂದೆ ಫೋಟೊ ಇಲ್ಲ, ಹೆಸರಿಲ್ಲ. ಬಟ್ಟಲಿನ ಪಕ್ಕದ ತಟ್ಟೆಯಲ್ಲಿ, ಸತ್ತವರ ಊಟದಲ್ಲಿ ಯಾರೂ ಇಡದ ಕೆಂಪು, ಕೆಂಡದಂಥ ಕೆಂಪು.

ತೋಫು. ಮೇಲೆ ಹುರಿದ ಶೇಂಗಾ.

ಮೊದಲ ವಾರ ತಾಕ್ ಈ ಅಡುಗೆಯ ಹೆಸರು ಹೇಳಿದಾಗ ತರಗತಿಯೇ ನಕ್ಕಿತ್ತು. ತೋಫುಗೆ ಶೇಂಗಾ ಹಾಕುವ ಹುಚ್ಚಿ ಯಾರಯ್ಯಾ ಎಂದಿದ್ದರು ಮೇಷ್ಟ್ರು. ನನ್ನ ಮಗಳು ಎಂದಿದ್ದ ತಾಕ್. ಅವತ್ತು ನಗದೆ ಇದ್ದವನು ಒಬ್ಬನೇ. ಎದುರಿನ ಒಲೆಯವನು.

ಫ್ರಿಜ್ಜಿನ ಚೀಟಿಯಲ್ಲಿ ತಾರೀಖು ಇರಲಿಲ್ಲ. ಆದರೆ ಅದನ್ನು ಓದಲು ದೀಪ ಹಾಕಬೇಕಾಗಿರಲಿಲ್ಲ ಎಂಬುದು ತಾಕ್‌ಗೆ ಈಗ ನೆನಪಾಯಿತು. ಕಿಟಕಿಯ ತುಂಬ ಚಂದ್ರನಿದ್ದ. ದುಂಡಗೆ. ಬುಸಾನಿನ ಸಂಜೆ ಬಸ್ಸು ನಿಲ್ಲುವುದು ದಂಡೆ ರಸ್ತೆಯಲ್ಲಿ, ಗಿಲ್‌ನ ಮನೆಯ ಮುಂದೆ.

"ಬಸ್ಸಿಗೆ ಕಾಯ್ತಿದ್ದೋಳು ಚೀಲ ಬಿಸಾಕಿ ನನಗಿಂತ ಮುಂಚೆ ಓಡಿದ್ಲು," ಎಂದ ಗಿಲ್. ಅವನ ದನಿ ಯಾರದೋ ದನಿಯಂತಿತ್ತು. "ಯಾರ ಮಗಳು ಅಂತ ಗೊತ್ತಿರ್ಲಿಲ್ಲ. ಅಜ್ಜಿ ನಿಲ್ಲಿ, ಬಂದೆ ಅಜ್ಜಿ ಅಂತ ಕೂಗ್ತಾ ಸೀದಾ ನೀರಿಗೆ. ಎರಡು ದಿನ ಬಿಟ್ಟು ಹೇಳೋಕೆ ಅಂತ ನಿನ್ನ ಮುಂದೆ ಕೂತೆ. ನಿನ್ನ ಮೇಜಿನ ಮೇಲೆ ಅವಳ ಫೋಟೊ ಇತ್ತು."

ತಾಕ್‌ಗೆ ಕೇಳಿಸುತ್ತಿತ್ತೋ ಇಲ್ಲವೋ. ಅವನ ಕಣ್ಣು ಎರಡನೇ ಬಟ್ಟಲಿನ ಮೇಲಿತ್ತು. ಅದಕ್ಕೆ ಮುಚ್ಚಳ ಮುಚ್ಚಿತ್ತು, ಆರದ ಹಾಗೆ, ಮನೆಗೆ ತಡವಾಗಿ ಬರುವವರಿಗೆ ಮುಚ್ಚಿಡುವ ಹಾಗೆ. ಚಮಚ ಪಕ್ಕದಲ್ಲಿ ಮಲಗಿತ್ತು.

"ಚಮಚ ನೆಟ್ಟಿಲ್ಲ," ಎಂದ ತಾಕ್. ಗಿಲ್‌ನ ಕೊರಳಪಟ್ಟಿ ಅವನ ಮುಷ್ಟಿಯಲ್ಲಿತ್ತು. ಯಾವಾಗ ಹಿಡಿದನೋ ಅವನಿಗೇ ಗೊತ್ತಿರಲಿಲ್ಲ. "ಹೆಂಡತಿಗೆ ನೆಟ್ಟೆ. ಇದಕ್ಕೆ ಯಾಕೆ ನೆಟ್ಟಿಲ್ಲ? ಹೇಳೋ! ಯಾಕೆ ನೆಟ್ಟಿಲ್ಲ?"

"ಕೈಯಲ್ಲಿ ಹಿಡ್ಕೊಂಡು ಅರ್ಧ ಗಂಟೆ ನಿಂತಿದ್ದೆ. ಆಗ್ಲಿಲ್ಲ." ಗಿಲ್ ಬಿಡಿಸಿಕೊಳ್ಳಲು ನೋಡಲಿಲ್ಲ. "ಮಲ್‌ಸುನ್ ಮುಳುಗಿದ್ದು ನಾನು ಕಣ್ಣಾರೆ ನೋಡಿದೆ. ಆ ಹುಡುಗಿ ತಲೆ ಇನ್ನೂ ನೀರಿನ ಮೇಲಿತ್ತು. ನನಗೆ ಮಂಡಿ ತನಕ ನೀರು ಬಂದಿತ್ತು, ನಾನು ತಿರುಗಿ ಓಡ್ದೆ. ಹಿಂದಿನಿಂದ ಅಪ್ಪಾ, ಅಪ್ಪಾ ಅಂತ ಕೂಗ್ತಿದ್ಲು."

ಅವನು ಎರಡು ಒದ್ದೆ ಕೈಗಳನ್ನೂ ಎತ್ತಿ ಕಿವಿಯ ಮೇಲಿಟ್ಟುಕೊಂಡ, ಈ ಕ್ಷಣವೂ ಕೇಳಿಸುತ್ತಿದೆ ಎಂಬಂತೆ.

"ಆ ದನಿ ನಿಂತಿದ್ದು ನಾನು ಕೇಳಿಲ್ಲ ತಾಕ್. ಹೀಗೆ ಮುಚ್ಕೊಂಡಿದ್ದೆ."